ಉಪ್ಪುನೀರು ಕುಡಿದ ಔಟ್‌ಬೋರ್ಡ್ ಎಂಜಿನ್: ಸಿಡಿಐ ದುರಸ್ತಿಯ ಸಮಗ್ರ ಮಾರ್ಗದರ್ಶಿ

ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಬಂದರಿನಲ್ಲಿ ಲಂಗರು ಹಾಕಿರುತ್ತವೆ. ಆ ಎರಡು ತಿಂಗಳು ಕಡಲಿಗೆ ಇಳಿಯುವುದು ನಾಡದೋಣಿಗಳು. ಅವುಗಳಿಗೂ 10 ಅಶ್ವಶಕ್ತಿಯವರೆಗಿನ ಎಂಜಿನ್ನಿಗಷ್ಟೇ ಅನುಮತಿ. ಮೇಲಿನಿಂದ ಮಳೆ, ಪಕ್ಕದಿಂದ ತೆರೆಯ ಎರಚಲು, ಅಳಿವೆಯ ಬಾಯಲ್ಲಿ ಎದುರುಗಾಳಿ. ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ನಿನ ಕಿಡಿಯ ವ್ಯವಸ್ಥೆಗೆ ವರ್ಷದಲ್ಲಿ ಇದಕ್ಕಿಂತ ಕೆಟ್ಟ ಕಾಲ ಬೇರೆ ಇಲ್ಲ. ಗಂಗೊಳ್ಳಿ, ಮರವಂತೆ, ಉಪ್ಪುಂದದ ದಡದಲ್ಲಿ ಈ ದಿನಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: "ಹಗ್ಗ ಎಳೆದು ಕೈ ಸೋತಿತು, ಸಿಡಿಐ ಹೋಗಿದೆ." ಹಗ್ಗ ಎಂದರೆ ಎಂಜಿನ್ ಚಾಲೂ ಮಾಡಲು ಎಳೆಯುವ ಹಗ್ಗ; ಸಿಡಿಐ (ಕೆಪಾಸಿಟರ್ ಡಿಸ್ಚಾರ್ಜ್ ಇಗ್ನಿಷನ್) ಎಂದರೆ ಪ್ಲಗ್ಗಿಗೆ ಕಿಡಿ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ.

ಹಾಗೆ ಹೇಳಿ ನನ್ನ ಮುಂದೆ ಇಳಿಸಿದ ಎಂಜಿನ್ನುಗಳಲ್ಲಿ ಹೆಚ್ಚಿನವುಗಳ ಸಿಡಿಐ ಜೀವಂತವಾಗಿಯೇ ಇತ್ತು. ಕೆಟ್ಟಿದ್ದು ಅದರ ಸುತ್ತಲಿನ ವಯರು, ಸ್ಟಾಪ್ ಸ್ವಿಚ್ ಅಥವಾ ಅರ್ತಿಂಗ್ ಬೋಲ್ಟು. ಹೊಸ ಸಿಡಿಐಗೆ ಹಲವು ದಿನಗಳ ದುಡಿಮೆ ಹೋಗುತ್ತದೆ. ಅದನ್ನು ತಂದು ಹಾಕಿದರೂ ಎಂಜಿನ್ ಹತ್ತದಿದ್ದಾಗ ಮೀನುಗಾರನ ಮುಖ ನೋಡಲು ಆಗುವುದಿಲ್ಲ. ಆದ್ದರಿಂದ ಇಲ್ಲಿ ಹೇಳುವ ಕ್ರಮವನ್ನು ತಪ್ಪಿಸಬೇಡಿ. ಪರೀಕ್ಷೆ ಮೊದಲು, ಬಿಚ್ಚುವುದು ನಂತರ.

ಕಿಡಿ ಹುಟ್ಟುವ ದಾರಿ

ಹಗ್ಗ ಎಳೆದಾಗ ಫ್ಲೈವೀಲಿನ ಒಳಗಿರುವ ಆಯಸ್ಕಾಂತಗಳು ಚಾರ್ಜ್ ಕಾಯಿಲಿನ ಮುಂದೆ ಹಾದುಹೋಗುತ್ತವೆ. ಆಗ ಅದರಲ್ಲಿ ಸಾಮಾನ್ಯವಾಗಿ ನೂರು ವೋಲ್ಟಿಗೂ ಮೇಲ್ಪಟ್ಟ ವಿದ್ಯುತ್ ಹುಟ್ಟುತ್ತದೆ. ಸಿಡಿಐ ಪೆಟ್ಟಿಗೆಯ ಒಳಗಿನ ಡಯೋಡು ಅದನ್ನು ಒಂದೇ ದಿಕ್ಕಿಗೆ ಹರಿಸಿ ಕೆಪಾಸಿಟರಿಗೆ ತುಂಬುತ್ತದೆ. ಎಂಜಿನ್ ಓಡುವಾಗ ಈ ಕೆಪಾಸಿಟರಿನಲ್ಲಿ 200ರಿಂದ 300 ವೋಲ್ಟ್ ನಿಂತಿರುತ್ತದೆ. ಪಿಸ್ಟನ್ ಮೇಲೆ ಬರುವ ಹೊತ್ತಿಗೆ ಪಲ್ಸರ್ ಕಾಯಿಲ್ ಒಂದು ಸಣ್ಣ ಸಂಕೇತ ಕಳಿಸುತ್ತದೆ; ಎಸ್‌ಸಿಆರ್ ಎಂಬ ಬಿಡಿಭಾಗ ಅದನ್ನು ಕಂಡು ಬಾಗಿಲು ತೆರೆದಂತೆ ತೆರೆದುಕೊಳ್ಳುತ್ತದೆ. ತುಂಬಿದ್ದೆಲ್ಲ ಒಮ್ಮೆಗೇ ಇಗ್ನಿಷನ್ ಕಾಯಿಲಿಗೆ ಸುರಿದು, ಅಲ್ಲಿ ಸಾವಿರಾರು ವೋಲ್ಟಿಗೆ ಏರಿ, ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರುತ್ತದೆ.

ಈ ಸರಪಳಿಯಲ್ಲಿ ನೀರು ಮಾಡುವ ಕೇಡೇನು? ಬರೀ ಮಳೆನೀರು ವಿದ್ಯುತ್ತನ್ನು ಅಷ್ಟಾಗಿ ಹರಿಸುವುದಿಲ್ಲ. ಕಡಲ ನೀರಿನ ಮಾತು ಬೇರೆ: ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ನೀರು ಆರಿದ ಮೇಲೂ ಉಪ್ಪು ಅಲ್ಲೇ ಕೂರುತ್ತದೆ, ಗಾಳಿಯ ತೇವವನ್ನು ಹೀರಿ ಪ್ರತಿ ಬೆಳಿಗ್ಗೆ ಮತ್ತೆ ಒದ್ದೆಯಾಗುತ್ತದೆ. ಆ ತೆಳು ಪದರದ ಮೂಲಕ ವಿದ್ಯುತ್ ಅಡ್ಡದಾರಿ ಹಿಡಿಯುತ್ತದೆ, ಕೆಪಾಸಿಟರ್ ತುಂಬುವುದೇ ಇಲ್ಲ. ಮಧ್ಯಾಹ್ನದ ಬಿಸಿಲಿಗೆ ಚೆನ್ನಾಗಿ ಹತ್ತುವ ಎಂಜಿನ್ ನಸುಕಿನಲ್ಲಿ ಹತ್ತದಿದ್ದರೆ ಈ ಉಪ್ಪನ್ನೇ ಮೊದಲು ಶಂಕಿಸಿ. ಒಣಗಿಸಿದರೆ ಸಾಕು ಎಂಬುದು ದೊಡ್ಡ ತಪ್ಪು ತಿಳಿವಳಿಕೆ. ಮೊದಲು ಸಿಹಿನೀರಿನಲ್ಲಿ ತೊಳೆಯಬೇಕು, ಆಮೇಲೆ ಒಣಗಿಸಬೇಕು.

ಕೈ ಹಾಕುವ ಮುನ್ನ

ಪೆಟ್ರೋಲ್ ಟ್ಯಾಂಕು ಮತ್ತು ಅದರ ಪೈಪನ್ನು ಎಂಜಿನ್ನಿನಿಂದ ಬಿಡಿಸಿ ದೂರ ಇಡಿ. ಕಿಡಿ ನೋಡುವಾಗ ಪ್ಲಗ್ ರಂಧ್ರದಿಂದ ಪೆಟ್ರೋಲ್ ಆವಿ ಹೊರಗೆ ಬರುತ್ತದೆ, ಹಗ್ಗ ಎಳೆದಾಗ ಅದು ಎದುರಿಗೇ ಉಗುಳುತ್ತದೆ. ಆದ್ದರಿಂದ ಕಿಡಿ ಹಾರುವ ಜಾಗ ಆ ರಂಧ್ರದಿಂದ ಸಾಧ್ಯವಾದಷ್ಟು ದೂರವಿರಲಿ. ರಂಧ್ರಕ್ಕೆ ಬಟ್ಟೆ ಮುಚ್ಚಿ. ಬರಿಗೈಯಲ್ಲಿ ಪ್ಲಗ್ ಕ್ಯಾಪ್ ಹಿಡಿದು ಹಗ್ಗ ಎಳೆಯಲು ಹೇಳುವ ಅಭ್ಯಾಸ ನಮ್ಮಲ್ಲಿ ಇದೆ, ಅದನ್ನು ಬಿಟ್ಟುಬಿಡಿ. ಒದ್ದೆ ಮರಳಿನ ಮೇಲೆ ನಿಂತವನಿಗೆ ಆ ಹೊಡೆತ ಅಪಾಯಕಾರಿ. ಪ್ಲಗ್ಗನ್ನು ಎಂಜಿನ್ ಬ್ಲಾಕಿಗೆ ಗಟ್ಟಿಯಾಗಿ ತಾಗಿಸದೆ ಎಂದೂ ಹಗ್ಗ ಎಳೆಯಬೇಡಿ. ಕಿಡಿಗೆ ಹೋಗಲು ದಾರಿ ಇಲ್ಲದಿದ್ದರೆ ಆ ವೋಲ್ಟೇಜು ಕಾಯಿಲಿನ ಒಳಗೇ ತೂತು ಕೊರೆಯುತ್ತದೆ, ಸಿಡಿಐಯನ್ನೂ ಸುಡಬಹುದು.

ಬೇಕಾದದ್ದು ಹೆಚ್ಚೇನಿಲ್ಲ. ಡಿಜಿಟಲ್ ಮಲ್ಟಿಮೀಟರ್, ಪ್ಲಗ್ ಸ್ಪ್ಯಾನರ್, ಕಿಡಿ ಪರೀಕ್ಷಕ, ಎಮರಿ ಪೇಪರ್, ಹಳೆಯ ಹಲ್ಲುಜ್ಜುವ ಬ್ರಷ್, ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್, ಐಸೊಪ್ರೊಪೈಲ್ ಆಲ್ಕೋಹಾಲ್, ತವರ ಲೇಪಿಸಿದ ತಾಮ್ರದ ವಯರು, ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ, ಎರಡು ಟ್ಯೂಬಿನ ಎಪಾಕ್ಸಿ, ವಿದ್ಯುತ್ ಹರಿಸದ ಡೈಎಲೆಕ್ಟ್ರಿಕ್ ಗ್ರೀಸ್. ಒಂದು ಮೊಬೈಲ್ ಕೂಡ ಬೇಕು: ಯಾವ ವಯರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬಿಚ್ಚುವ ಮೊದಲೇ ನಾಲ್ಕು ಕಡೆಯಿಂದ ಫೋಟೊ ತೆಗೆಯಿರಿ. ಮಡ್ಡಿ ಹಿಡಿದ ಮೇಲೆ ಕಂದು ವಯರಿಗೂ ಕಪ್ಪು ವಯರಿಗೂ ವ್ಯತ್ಯಾಸ ಕಾಣುವುದಿಲ್ಲ.

ಒಂದನೇ ಹಂತ: ಕಿಡಿಯೇ ಇಲ್ಲವೋ, ಪ್ಲಗ್ ಮಾತ್ರ ಕೆಟ್ಟಿದೆಯೋ

ಸೀಮೆಎಣ್ಣೆ ಎಂಜಿನ್ನನ್ನು ಪೆಟ್ರೋಲಿನಲ್ಲಿ ಹಚ್ಚಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತೇವೆ. ಅವಸರದಲ್ಲಿ ಬೇಗ ತಿರುಗಿಸಿದರೆ, ಅಥವಾ ನಿಲ್ಲಿಸುವ ಮೊದಲು ಪೆಟ್ರೋಲಿಗೆ ಮರಳಿಸದಿದ್ದರೆ ಪ್ಲಗ್ ಎಣ್ಣೆಯಲ್ಲಿ ನೆಂದು ಮಸಿ ಕಟ್ಟುತ್ತದೆ. ಲಕ್ಷಣಗಳೆಲ್ಲ ಸಿಡಿಐ ಕೆಟ್ಟಂತೆಯೇ. ಆದ್ದರಿಂದ ಮೊದಲು ಹೊಸ ಪ್ಲಗ್ ಹಾಕಿ, ನಿಮ್ಮ ಎಂಜಿನ್ನಿಗೆ ಹೇಳಿರುವ ಅಂತರ ಇಟ್ಟು ನೋಡಿ.

ಆಮೇಲೆ ಕಿಡಿ ಪರೀಕ್ಷಕವನ್ನು ಪ್ಲಗ್ ಕ್ಯಾಪಿಗೂ ಬ್ಲಾಕಿಗೂ ಸಿಕ್ಕಿಸಿ, ಎರಡೂ ಪ್ಲಗ್ ಹೊರತೆಗೆದು, ಇನ್ನೊಂದು ಕ್ಯಾಪಿನ ಪ್ಲಗ್ಗನ್ನು ಬ್ಲಾಕಿಗೆ ತಾಗಿಸಿಟ್ಟು ಹಗ್ಗ ಎಳೆಯಿರಿ. 6ರಿಂದ 8 ಮಿಲಿಮೀಟರ್ ಅಂತರವನ್ನು ನೀಲಿ ಕಿಡಿ ಚಟ್ ಎಂದು ದಾಟಿದರೆ ಸಿಡಿಐ ಚೆನ್ನಾಗಿದೆ. ತೊಂದರೆ ಕಾರ್ಬ್ಯುರೇಟರಿನಲ್ಲಿ ಅಥವಾ ಎಣ್ಣೆಯಲ್ಲಿ ನೀರು ಸೇರಿರುವುದರಲ್ಲಿ ಇದೆ. ಹಳದಿ ಬಣ್ಣದ, ಸೋತ ಕಿಡಿಯೂ ಕಿಡಿಯಲ್ಲ. ಸಿಲಿಂಡರಿನ ಒತ್ತಡದಲ್ಲಿ ಅದು ಹಾರುವುದೇ ಇಲ್ಲ. ಎರಡು ಸಿಲಿಂಡರಿನ ಸಣ್ಣ ಎಂಜಿನ್ನುಗಳಲ್ಲಿ ಒಂದೇ ಕಾಯಿಲ್ ಎರಡೂ ಪ್ಲಗ್ಗಿಗೆ ಕಿಡಿ ಕೊಡುವುದುಂಟು. ಅಂಥದ್ದರಲ್ಲಿ ಒಂದು ಕಡೆ ಮಾತ್ರ ಕಿಡಿ ಸೋತಿದ್ದರೆ ಸಿಡಿಐ ಬಿಟ್ಟು ಆ ಕಡೆಯ ಕ್ಯಾಪ್ ಮತ್ತು ವಯರನ್ನು ನೋಡಿ. ಎರಡೂ ಕಡೆ ಒಟ್ಟಿಗೆ ಸತ್ತಿದ್ದರೆ ಮುಂದಿನ ಹಂತಕ್ಕೆ ಬನ್ನಿ.

ಎರಡನೇ ಹಂತ: ಸ್ಟಾಪ್ ಸ್ವಿಚ್

ಇಲ್ಲಿ ಅವಸರ ಮಾಡಬೇಡಿ, ಹೆಚ್ಚಿನ ಎಂಜಿನ್ನುಗಳು ಇಲ್ಲಿಯೇ ಬದುಕುತ್ತವೆ. ಸ್ಟಾಪ್ ಬಟನ್ ಒತ್ತಿದಾಗ ಆಗುವುದು ಇಷ್ಟೇ: ಸಿಡಿಐಗೆ ಹೋಗಬೇಕಾದ ವಿದ್ಯುತ್ತು ಅರ್ತಿಗೆ ಇಳಿದುಹೋಗುತ್ತದೆ. ಸ್ವಿಚ್ಚಿನ ಒಳಗೆ ಉಪ್ಪುನೀರು ನಿಂತಿದ್ದರೆ ಬಟನನ್ನು ಯಾರೋ ಅರ್ಧ ಒತ್ತಿ ಹಿಡಿದಂತೆ.

ಒಂದು ಮಳೆಗಾಲದಲ್ಲಿ ಹೊಸ ಸಿಡಿಐ ಹಾಕಿಸಿದ ಮೇಲೂ ಹತ್ತದ ಎಂಜಿನ್ನೊಂದು ಬಂತು. ಸ್ಟಾಪ್ ಸ್ವಿಚ್ಚಿನ ಎರಡು ವಯರುಗಳನ್ನು ಬಿಡಿಸಿ ಮೀಟರ್ ಹಿಡಿದೆ. ಎಂಜಿನ್ ನಡೆಸುವವನ ಮೈಗೆ ಹಗ್ಗದಿಂದ ಕಟ್ಟಿಕೊಳ್ಳುವ, ಕಿತ್ತು ಬಂದರೆ ಎಂಜಿನ್ ನಿಲ್ಲಿಸುವ ಕ್ಲಿಪ್ ತನ್ನ ಜಾಗದಲ್ಲೇ ಇತ್ತು, ಬಟನ್ ಒತ್ತಿರಲಿಲ್ಲ, ಆದರೂ ಮೀಟರ್ 40 ಕಿಲೋಓಮ್ ತೋರಿಸಿತು. ಸ್ವಿಚ್ಚನ್ನು ಕತ್ತರಿಸಿ ತೆರೆದೆ. ಸ್ಪ್ರಿಂಗಿನ ಸುತ್ತ ಹಸಿರು ಕಿಲುಬು, ಹಲ್ಲುಪೇಸ್ಟಿನಷ್ಟು ದಪ್ಪ, ಇನ್ನೂ ಒದ್ದೆ. ಬೆರಳಲ್ಲಿ ಒತ್ತಿದರೆ ನೀರು ಒಸರುತ್ತಿತ್ತು. ಹೊಸ ಸ್ವಿಚ್ ಹಾಕಿದೆವು, ಎರಡನೇ ಎಳೆತಕ್ಕೆ ಎಂಜಿನ್ ಹತ್ತಿತು. ಅವರ ಹಳೆಯ ಸಿಡಿಐಯನ್ನು ಮತ್ತೆ ಜೋಡಿಸಿ ನೋಡಿದೆ, ಅದೂ ಹತ್ತಿತು.

ಹಾಗಾಗಿ, ಸ್ಟಾಪ್ ಸ್ವಿಚ್ಚಿನಿಂದ ಸಿಡಿಐಗೆ ಬರುವ ವಯರನ್ನು ಬಿಡಿಸಿ, ಪ್ಲಗ್ ಹೊರತೆಗೆದು ಬ್ಲಾಕಿಗೆ ತಾಗಿಸಿಟ್ಟು ಹಗ್ಗ ಎಳೆಯಿರಿ. ಕಿಡಿ ಬಂದರೆ ಕಳ್ಳ ಸಿಕ್ಕಿಬಿದ್ದ. ಕ್ಲಿಪ್ ಹಾಕಿ, ಬಟನ್ ಒತ್ತದೆ ಇರುವಾಗ ಸ್ವಿಚ್ ಮೀಟರಿನಲ್ಲಿ ಏನೂ ತೋರಿಸಬಾರದು. ನೂರಾರು ಕಿಲೋಓಮ್ ತೋರಿಸಿದರೂ ಅದು ಸೋರುತ್ತಿದೆ ಎಂದೇ ಲೆಕ್ಕ. ಒಂದು ಎಚ್ಚರಿಕೆ: ಕಿಡಿ ಬಂತೆಂದು ಸ್ವಿಚ್ಚಿನ ವಯರು ಬಿಡಿಸಿಕೊಂಡೇ ಕಡಲಿಗೆ ಹೋಗುವವರನ್ನು ನೋಡಿದ್ದೇನೆ. ಎಂಜಿನ್ ನಡೆಸುವವನು ನೀರಿಗೆ ಬಿದ್ದರೆ ಆ ದೋಣಿ ನಿಲ್ಲುವುದಿಲ್ಲ, ಸುತ್ತು ಹಾಕಿ ಅವನ ಮೇಲೆಯೇ ಬರಬಹುದು. ಸ್ವಿಚ್ ಬದಲಾಯಿಸಿಯೇ ಹೊರಡಿ.

ಮೂರನೇ ಹಂತ: ಅರ್ತಿಂಗ್ ಮತ್ತು ಕಾಯಿಲುಗಳು

ಸಿಡಿಐ ಮತ್ತು ಕಾಯಿಲಿನ ಕಪ್ಪು ವಯರುಗಳು ಬ್ಲಾಕಿಗೆ ಸೇರುವ ಬೋಲ್ಟನ್ನು ಬಿಚ್ಚಿ. ಕೆಳಗೆ ಬಿಳಿ ಪುಡಿ ಕಾಣುತ್ತದೆ. ಉಪ್ಪುನೀರಿಗೆ ಅಲ್ಯೂಮಿನಿಯಂ ಹಾಗೆ ಕರಗುತ್ತದೆ. ಲೋಹ ಹೊಳೆಯುವವರೆಗೆ ಎಮರಿ ಪೇಪರಿನಲ್ಲಿ ಉಜ್ಜಿ, ಬಿಗಿದ ಮೇಲೆ ಹೊರಗಿನಿಂದ ಗ್ರೀಸ್ ಸವರಿ.

ನಂತರ ಕಾಯಿಲುಗಳು. ಎಂಜಿನ್ನಿನ ಸರ್ವಿಸ್ ಮ್ಯಾನ್ಯುವಲಿನಲ್ಲಿ ಕೊಟ್ಟ ಅಂಕಿಗಳೇ ಪ್ರಮಾಣ. ಮಾದರಿಯಿಂದ ಮಾದರಿಗೆ ಅವು ಬದಲಾಗುತ್ತವೆ. ಚಾರ್ಜ್ ಕಾಯಿಲ್ ಮತ್ತು ಪಲ್ಸರ್ ಕಾಯಿಲ್ ಸಾಮಾನ್ಯವಾಗಿ ನೂರಾರು ಓಮ್ ತೋರಿಸುತ್ತವೆ. ಇಗ್ನಿಷನ್ ಕಾಯಿಲಿನ ಪ್ರೈಮರಿ ಒಂದು ಓಮಿಗಿಂತ ಕಡಿಮೆ, ಸೆಕೆಂಡರಿ ಕೆಲವು ಸಾವಿರ ಓಮ್. ಮೀಟರ್ ಏನೂ ತೋರಿಸದಿದ್ದರೆ ಒಳಗೆ ತಂತಿ ಕಡಿದಿದೆ. ಕಾಯಿಲಿನ ವಯರಿಗೂ ಬ್ಲಾಕಿಗೂ ನಡುವೆ ಅಳೆಯುವಾಗ, ಒಂದು ತುದಿಯನ್ನು ಅರ್ತಿಗೇ ಕಟ್ಟಿರುವ ಕಾಯಿಲನ್ನು ಬಿಟ್ಟು, ಉಳಿದವು ಸಂಪರ್ಕ ತೋರಿಸಬಾರದು.

ಅಂಕಿ ಸರಿ ಇದ್ದ ಮಾತ್ರಕ್ಕೆ ಕಾಯಿಲ್ ಸರಿ ಎನ್ನಲಾಗದು. ಮೀಟರಿನ ಸಣ್ಣ ವೋಲ್ಟೇಜಿಗೆ ಸುಮ್ಮನಿರುವ ಬಿರುಕು 200 ವೋಲ್ಟಿಗೆ ಬಾಯಿ ಬಿಡುತ್ತದೆ. ಪೀಕ್ ವೋಲ್ಟೇಜ್ ಅಡಾಪ್ಟರ್ ಸಿಕ್ಕರೆ ಅದನ್ನು ಮೀಟರಿಗೆ ಸಿಕ್ಕಿಸಿ, ಹಗ್ಗ ಎಳೆಯುವಾಗ ಚಾರ್ಜ್ ಕಾಯಿಲಿನಲ್ಲಿ ಎಷ್ಟು ವೋಲ್ಟ್ ಹುಟ್ಟುತ್ತದೆ ಎಂದು ನೇರವಾಗಿ ನೋಡಬಹುದು. ಸಿಡಿಐ ಒಳಗೆ ಹೋಗುವ ವೋಲ್ಟೇಜ್ ಸರಿ ಇದ್ದು, ಹೊರಗೆ ಬರುವುದು ಇಲ್ಲದಿದ್ದರೆ ಆಗ ಮಾತ್ರ ಸಿಡಿಐ ಮೇಲೆ ಬೆರಳು ತೋರಿಸಿ. ಅಡಾಪ್ಟರ್ ಇಲ್ಲದವರು ಅದೇ ಮಾದರಿಯ, ಕೆಲಸ ಮಾಡುತ್ತಿರುವ ಇನ್ನೊಂದು ಸಿಡಿಐ ಹಾಕಿ ನೋಡಬಹುದು. ಮನೆಯ ವಯರಿಂಗ್ ಪರೀಕ್ಷಿಸುವ 500 ವೋಲ್ಟಿನ ಮೆಗ್ಗರನ್ನು ಸಿಡಿಐಗೆ ಹಿಡಿಯಬೇಡಿ, ಚೆನ್ನಾಗಿದ್ದದ್ದೂ ಸಾಯುತ್ತದೆ.

ನಾಲ್ಕನೇ ಹಂತ: ಬಿಚ್ಚಿ, ತೊಳೆದು, ಒಣಗಿಸುವುದು

ಎಂಜಿನ್ ನಿಂತು ಸ್ವಲ್ಪ ಹೊತ್ತಾದ ಮೇಲೆ ಸಿಡಿಐ ಬಿಚ್ಚಿ. ಕನೆಕ್ಟರುಗಳನ್ನು ವಯರು ಹಿಡಿದು ಎಳೆಯಬೇಡಿ. ರಬ್ಬರ್ ತೋಳನ್ನು ಹಿಂದೆ ಸರಿಸಿ, ಲೋಹದ ಭಾಗವನ್ನೇ ಹಿಡಿದು ತಿರುಚುತ್ತಾ ಬಿಡಿಸಿ. ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದು ನೋಡಿ. ಒಳಗಿನ ಭಾಗಗಳನ್ನು ಎಪಾಕ್ಸಿಯಲ್ಲಿ ಹುದುಗಿಸಿರುತ್ತಾರೆ. ಆ ಎಪಾಕ್ಸಿ ಪೆಟ್ಟಿಗೆಯ ಅಂಚಿನಿಂದ ಬಿಟ್ಟುಕೊಂಡಿರುವ ಕೂದಲೆಳೆಯ ಸಂದು, ಉಬ್ಬು, ವಯರು ಒಳಗೆ ಹೋಗುವ ಜಾಗದ ಸೀಳು: ನೀರು ನುಗ್ಗುವುದು ಈ ಮೂರು ಕಡೆಯಿಂದ. ಉಬ್ಬಿ ಒಡೆದಿದ್ದರೆ ಅಥವಾ ಸುಟ್ಟ ವಾಸನೆ ಬರುತ್ತಿದ್ದರೆ ಆಸೆ ಬಿಡಿ.

ಇಲ್ಲದಿದ್ದರೆ ಪೆಟ್ಟಿಗೆಯನ್ನೂ ಕನೆಕ್ಟರುಗಳನ್ನೂ ಡಿಸ್ಟಿಲ್ಡ್ ವಾಟರಿನಲ್ಲಿ ಬ್ರಷ್ ಹಾಕಿ ತೊಳೆಯಿರಿ, ನೀರು ಬದಲಾಯಿಸಿ ಎರಡು ಮೂರು ಸಲ. ಬಾವಿ ನೀರು ಬೇಡ, ಕಡಲ ಬದಿಯ ಬಾವಿಯಲ್ಲಿ ಉಪ್ಪಿನ ಅಂಶ ಇರಬಹುದು. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒಮ್ಮೆ ತೊಳೆದರೆ ಸಂದಿಯಲ್ಲಿ ಉಳಿದ ನೀರನ್ನು ಅದು ಎಳೆದುಕೊಂಡು ಆರುತ್ತದೆ. ಹತ್ತಿರ ಬೆಂಕಿ ಬೇಡ.

ಒಣಗಿಸಲು ಶಾಖ 50ರಿಂದ 60 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಮಳೆಗಾಲದಲ್ಲಿ ಬಿಸಿಲು ನಂಬುವಂತಿಲ್ಲ. ಮುಚ್ಚಿದ ಮರದ ಪೆಟ್ಟಿಗೆಯಲ್ಲಿ 60 ವ್ಯಾಟಿನ, ಒಳಗೆ ತಂತಿ ಉರಿಯುವ ಹಳೆಯ ಮಾದರಿಯ ಬಲ್ಬು ಉರಿಸಿ, ಬಲ್ಬಿಗೂ ಮರಕ್ಕೂ ಎಲ್ಲ ಕಡೆ ದೂರವಿಟ್ಟು, ಮೇಲೆ ಆವಿ ಹೋಗಲು ತೂತು ಬಿಟ್ಟು, ಸಿಡಿಐಯನ್ನು ಬಲ್ಬಿನಿಂದ ಒಂದು ಗೇಣು ದೂರದಲ್ಲಿ 24ರಿಂದ 48 ಗಂಟೆ ಇಡುತ್ತೇನೆ. ಮುಟ್ಟಿದರೆ ಬೆಚ್ಚಗಿರಬೇಕು, ಸುಡಬಾರದು. ಒಲೆಯ ಮೇಲಿನ ಅಟ್ಟ, ಹೇರ್ ಡ್ರೈಯರಿನ ಪೂರ್ತಿ ಶಾಖ, ಕಾದ ಕಾವಲಿ ಯಾವುದೂ ಬೇಡ. ಎಪಾಕ್ಸಿ ಹಿಗ್ಗಿ ಇನ್ನಷ್ಟು ಬಿರುಕು ಬಿಡುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂತಿಡುವುದರಿಂದಲೂ ಪ್ರಯೋಜನ ಕಡಿಮೆ. ಸಿಲಿಕಾ ಜೆಲ್ ಇದ್ದರೆ ಗಾಳಿಯಾಡದ ಡಬ್ಬಿಯಲ್ಲಿ ಅದರ ಜೊತೆ ಇಡುವುದು ಒಳ್ಳೆಯದು.

ಐದನೇ ಹಂತ: ವಯರು ಮತ್ತು ಕನೆಕ್ಟರ್

ಕನೆಕ್ಟರ್ ಮೇಲೆ ಹೊಳೆಯುತ್ತಿದ್ದರೂ ವಯರಿನ ಒಳಗೆ ನೋಡದೆ ಬಿಡಬೇಡಿ. ನೂರೆಳೆಯ ತಾಮ್ರದ ವಯರು ದೀಪದ ಬತ್ತಿಯಂತೆ ನೀರನ್ನು ಮೇಲಕ್ಕೆ ಹೀರುತ್ತದೆ. ಹೊದಿಕೆಯನ್ನು ಅರ್ಧ ಇಂಚು ಕೆತ್ತಿ. ತಾಮ್ರ ಕಪ್ಪಾಗಿದ್ದರೆ ಕತ್ತರಿಸಿ, ಮತ್ತೆ ಅರ್ಧ ಇಂಚು ಕೆತ್ತಿ. ಕೆಂಪು ಹೊಳಪಿನ ತಾಮ್ರ ಸಿಗುವವರೆಗೆ ಹಿಂದೆ ಹೋಗುತ್ತಲೇ ಇರಿ. ಕಪ್ಪು ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ. ಬೆಸುಗೆಯ ಸೀಸ ಮಣಿಯಂತೆ ಉರುಳಿ ಬೀಳುತ್ತದೆ. ಹಿಡಿದಂತೆ ಕಂಡರೂ ಎಂಜಿನ್ನಿನ ಅದುರಿಕೆಗೆ ವಾರದಲ್ಲಿ ಬಿಟ್ಟುಕೊಳ್ಳುತ್ತದೆ. ಪೆಟ್ಟಿಗೆಯಿಂದ ಹೊರಬರುವ ಕಡೆ ಕನಿಷ್ಠ ಒಂದೂವರೆ ಇಂಚು ಒಳ್ಳೆಯ ವಯರು ಉಳಿದರೆ ಜೋಡಣೆ ಸುಲಭ.

ತವರ ಲೇಪಿಸಿದ ವಯರನ್ನೇ ಸೇರಿಸಿ, ಕ್ರಿಂಪ್ ಮಾಡಿ, ಅಂದರೆ ಲೋಹದ ತೋಳಿನೊಳಗೆ ಇಟ್ಟು ಇಕ್ಕಳದಿಂದ ಗಟ್ಟಿಯಾಗಿ ಒತ್ತಿ. ಬರೀ ಬೆಸುಗೆ ಹಾಕಿದರೆ ಬೆಸುಗೆ ಮುಗಿಯುವ ಅಂಚಿನಲ್ಲೇ ವಯರು ಮುರಿಯುತ್ತದೆ. ಜೋಡಣೆಯ ಮೇಲೆ ಅಂಟಿನ ಹೀಟ್ ಶ್ರಿಂಕ್ ಎಳೆದು, ಎರಡೂ ತುದಿಯಿಂದ ಅಂಟು ಒಂದು ಸಣ್ಣ ಉಂಗುರದಂತೆ ಹೊರಗೆ ಉಕ್ಕುವವರೆಗೆ ಕಾಯಿಸಿ. ಆ ಉಂಗುರ ಕಾಣದಿದ್ದರೆ ನೀರಿಗೆ ಬಾಗಿಲು ತೆರೆದಿದೆ ಎಂದೇ ಅರ್ಥ. ಬುಲೆಟ್ ಕನೆಕ್ಟರುಗಳನ್ನು ಹೊಸದಾಗಿ ಹಾಕಿ, ಒಳಗೆ ಡೈಎಲೆಕ್ಟ್ರಿಕ್ ಗ್ರೀಸ್ ತುಂಬಿ ಸಿಕ್ಕಿಸಿ.

ಆರನೇ ಹಂತ: ಬಿರುಕು ಮುಚ್ಚುವುದು

ಪೂರ್ತಿ ಒಣಗಿದ ಮೇಲೆ ಮಾತ್ರ. ಒಳಗೆ ತೇವ ಉಳಿದಿರುವಾಗ ಮೇಲೆ ಮುಚ್ಚಿದರೆ ನೀರನ್ನು ನಾವೇ ಬಂಧಿಸಿದಂತೆ. ಬಿರುಕಿನ ಅಂಚನ್ನು ಎಮರಿಯಲ್ಲಿ ಒರಟು ಮಾಡಿ, ಆಲ್ಕೋಹಾಲಿನಲ್ಲಿ ಒರೆಸಿ, ಪೆಟ್ಟಿಗೆಯನ್ನು ಸ್ವಲ್ಪ ಬೆಚ್ಚಗೆ ಮಾಡಿ, ನಿಧಾನವಾಗಿ ಗಟ್ಟಿಯಾಗುವ ಎರಡು ಟ್ಯೂಬಿನ ಎಪಾಕ್ಸಿ ಸುರಿಯಿರಿ. ಬೆಚ್ಚಗಿದ್ದರೆ ಅದು ತೆಳ್ಳಗಾಗಿ ಸಂದಿಗೆ ಇಳಿಯುತ್ತದೆ. ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ ಇಳಿಯುವ ಮೊದಲೇ ಕಲ್ಲಾಗುತ್ತದೆ. ಒಂದು ರಾತ್ರಿ ಅಲುಗಾಡಿಸದೆ ಬಿಡಿ.

ವಯರು ಒಳಗೆ ಹೋಗುವ ಜಾಗದಲ್ಲಿ ಬಾಗುವ ಗುಣದ ಸಿಲಿಕೋನ್ ಬೇಕು. ಇಲ್ಲಿ ದಯವಿಟ್ಟು ಗಮನಿಸಿ: ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ, ಹಚ್ಚುವಾಗ ವಿನೆಗರಿನ ಹುಳಿ ವಾಸನೆ ಬರುವ ಸಿಲಿಕೋನ್ ಬೇಡವೇ ಬೇಡ. ಆ ವಾಸನೆ ಅಸಿಟಿಕ್ ಆಮ್ಲದ್ದು. ಅದು ಆರುತ್ತಾ ಆರುತ್ತಾ ತಾಮ್ರವನ್ನು ತಿನ್ನುತ್ತದೆ. ಅಚ್ಚುಕಟ್ಟಾಗಿ ಸಿಲಿಕೋನ್ ಮೆತ್ತಿದ ಜೋಡಣೆಯನ್ನು ಬಿಡಿಸಿದರೆ ಅದರ ಅಡಿಯಲ್ಲೇ ಹಸಿರು ಕಿಲುಬು ಎದ್ದಿರುವುದನ್ನು ನೋಡಿದ್ದೇನೆ. ಟ್ಯೂಬಿನ ಮೇಲೆ ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದನ್ನು ಕೇಳಿ ತನ್ನಿ.

ಪೆಟ್ಟಿಗೆ ಒಡೆದು ಒಳಗಿನ ಕೆಪಾಸಿಟರ್ ಬದಲಾಯಿಸಬಹುದೇ ಎಂದು ಎಲೆಕ್ಟ್ರಾನಿಕ್ಸ್ ಬಲ್ಲ ಹುಡುಗರು ಕೇಳುತ್ತಾರೆ. ಒಳಗಿನ ಹುದುಗು ರಬ್ಬರಿನಂತೆ ಮೆತ್ತಗಿದ್ದರೆ ಕೆತ್ತಿ ತೆಗೆಯಬಹುದು. ಕೆಲಸ ಶುರು ಮಾಡುವ ಮೊದಲು ಸುಮಾರು 10 ಕಿಲೋಓಮಿನ ರೆಸಿಸ್ಟರ್ ಮೂಲಕ ಕೆಪಾಸಿಟರಿನಲ್ಲಿ ಉಳಿದ ವಿದ್ಯುತ್ತನ್ನು ಖಾಲಿ ಮಾಡಲೇಬೇಕು. ಗಟ್ಟಿ ಎಪಾಕ್ಸಿ ಇದ್ದರೆ ಉಳಿಯೊಂದಿಗೆ ಬಿಡಿಭಾಗಗಳೂ ಕಿತ್ತು ಬರುತ್ತವೆ. ಹಾಗೆ ದುರಸ್ತಿಯಾದದ್ದನ್ನು ಕಲಿಯಲು ಇಟ್ಟುಕೊಳ್ಳಿ. ಅಳಿವೆ ದಾಟಿ ಹೋಗುವ ದೋಣಿಗೆ ನಾನು ಅದನ್ನು ಹಾಕುವುದಿಲ್ಲ.

ಏಳನೇ ಹಂತ: ಜೋಡಿಸಿ ಪರೀಕ್ಷಿಸುವುದು

ಸಿಡಿಐಯ ರಬ್ಬರ್ ಬುಷ್‌ಗಳು ಹಳೆಯದಾಗಿದ್ದರೆ ಬದಲಾಯಿಸಿ. ಅದುರಿಕೆಯೇ ಎಪಾಕ್ಸಿಯನ್ನು ಬಿರಿಸುವುದು. ವಯರುಗಳು ಪೆಟ್ಟಿಗೆಗೆ ಸೇರುವ ಮೊದಲು ಒಮ್ಮೆ ಕೆಳಕ್ಕೆ ಬಾಗಿ ಆಮೇಲೆ ಮೇಲಕ್ಕೆ ಹೋಗುವಂತೆ ಕಟ್ಟಿ. ಹರಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಪೆಟ್ಟಿಗೆಗೆ ತಲುಪುವುದಿಲ್ಲ. ಫ್ಲೈವೀಲಿಗೆ ಯಾವ ವಯರೂ ತಾಗದಂತೆ ನೋಡಿಕೊಳ್ಳಿ.

ಕಿಡಿ ಸರಿ ಬಂದ ಮೇಲೆ ಎಂಜಿನ್ನನ್ನು ನೀರು ತುಂಬಿದ ಡ್ರಮ್ಮಿನಲ್ಲಿ ನಿಲ್ಲಿಸಿ. ನೀರು ಪ್ರೊಪೆಲ್ಲರಿನ ಮೇಲಿನ ಅಡ್ಡ ತಟ್ಟೆಯನ್ನು ಮುಳುಗಿಸಿರಬೇಕು. ಕನಿಷ್ಠ 15 ನಿಮಿಷ ಓಡಿಸಿ. ತಣ್ಣಗಿರುವಾಗ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ನಿಂತುಹೋಗುವ ಸಿಡಿಐಗಳಿವೆ, ಅವು ದಡದಲ್ಲೇ ಸಿಕ್ಕಿಬೀಳಲಿ. ಕೊನೆಯ ಪರೀಕ್ಷೆ ಕತ್ತಲಾದ ಮೇಲೆ. ಎಂಜಿನ್ ನಿಧಾನಗತಿಯಲ್ಲಿ ಓಡುತ್ತಿರುವಾಗ, ಫ್ಲೈವೀಲಿನಿಂದ ಕೈ ದೂರವಿಟ್ಟು, ಗಿಡಗಳಿಗೆ ಹೊಡೆಯುವ ಸ್ಪ್ರೇ ಬಾಟಲಿಯಿಂದ ಪ್ಲಗ್ ವಯರು, ಕ್ಯಾಪ್, ಕಾಯಿಲಿನ ಸುತ್ತ ಸಿಹಿನೀರನ್ನು ಮಂಜಿನಂತೆ ಸಿಂಪಡಿಸಿ. ಎಲ್ಲಿ ವಿದ್ಯುತ್ ಸೋರುತ್ತದೋ ಅಲ್ಲಿ ನೀಲಿ ಎಳೆ ಹರಿದಾಡುವುದು ಕಣ್ಣಿಗೇ ಕಾಣುತ್ತದೆ. ಆ ಭಾಗವನ್ನು ಬದಲಾಯಿಸಿ.

ದೋಣಿ ಮಗುಚಿ ಎಂಜಿನ್ ಪೂರ್ತಿ ಮುಳುಗಿದ್ದರೆ

ಆಗ ಸಿಡಿಐಗಿಂತ ಮೊದಲು ಎಂಜಿನ್ನಿನ ಜೀವ ಉಳಿಸಬೇಕು. ದಡಕ್ಕೆ ತಂದ ಕೂಡಲೇ ಪ್ಲಗ್ ತೆಗೆದು, ಇಡೀ ಎಂಜಿನ್ನನ್ನು ಸಿಹಿನೀರಿನಲ್ಲಿ ತೊಳೆದು, ಪ್ಲಗ್ ರಂಧ್ರ ಕೆಳಗಾಗುವಂತೆ ಮಲಗಿಸಿ ನಿಧಾನವಾಗಿ ಹಗ್ಗ ಎಳೆದು ನೀರು ಹೊರಹಾಕಿ. ಹಗ್ಗ ಬಿಗಿದರೆ ಒತ್ತಾಯ ಮಾಡಬೇಡಿ, ಒಳಗೆ ಮರಳು ಹೊಕ್ಕಿರಬಹುದು. ನಂತರ ಸಿಲಿಂಡರಿಗೆ ಟು ಸ್ಟ್ರೋಕ್ ಆಯಿಲ್ ಬಿಡಿ. ಎರಡು ಮೂರು ಗಂಟೆಯೊಳಗೆ ಇದೆಲ್ಲ ಆಗಬೇಕು, ಅದೇ ದಿನ ಎಂಜಿನ್ ಓಡಬೇಕು. ಮೆಕ್ಯಾನಿಕ್ ಸಿಗುವುದು ಮರುದಿನವೇ ಎಂದಾದರೆ ಗಾಳಿಗೆ ಬಿಡುವ ಬದಲು ಸಿಹಿನೀರಿನ ತೊಟ್ಟಿಯಲ್ಲಿ ಮುಳುಗಿಸಿಯೇ ಇಡಿ. ಕೇಳಲು ವಿಚಿತ್ರವೆನಿಸಿದರೂ ಉಪ್ಪು ಮತ್ತು ಗಾಳಿ ಸೇರಿದಾಗಲೇ ಬೇರಿಂಗುಗಳಿಗೆ ತುಕ್ಕು ಹತ್ತುವುದು.

ದಿನದ ಆರೈಕೆಯಲ್ಲಿ ಒಂದು ಮಾತು. ದಡಕ್ಕೆ ಬಂದ ಮೇಲೆ ಮುಚ್ಚಳ ತೆಗೆದು ಕಡಲ ನೀರನ್ನೇ ಚೊಂಬಿನಲ್ಲಿ ಹೊಯ್ದು ತೊಳೆಯುವವರಿದ್ದಾರೆ, ಅದು ಬೇಡ. ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ನೀರನ್ನು ಹೊರದೂಡುವ ಸ್ಪ್ರೇ ತೆಳ್ಳಗೆ ಹೊಡೆದು, ಮುಚ್ಚಳದ ರಬ್ಬರ್ ಅಂಚು ಸರಿಯಾಗಿ ಕೂತಿದೆಯೇ ನೋಡಿ ಮುಚ್ಚಿ. ದುರಸ್ತಿಯಾದ ಹಳೆಯ ಸಿಡಿಐ ಕೈಯಲ್ಲಿ ಉಳಿದಿದ್ದರೆ ಬಿಸಾಡಬೇಡಿ: ಅಗಲ ಬಾಯಿಯ ಪ್ಲಾಸ್ಟಿಕ್ ಬಾಟಲಿಯಲ್ಲಿ ಸಿಲಿಕಾ ಜೆಲ್ಲಿನ ಜೊತೆ ಹಾಕಿ, ಪ್ಲಗ್ ಸ್ಪ್ಯಾನರ್, ಎರಡು ಹೊಸ ಪ್ಲಗ್, ಒಂದು ಸ್ಟಾಪ್ ಸ್ವಿಚ್ ಕ್ಲಿಪ್ ಸೇರಿಸಿ, ಬಿಗಿಯಾಗಿ ಮುಚ್ಚಿ ದೋಣಿಯ ಹಿಂಬದಿಯಲ್ಲಿ ಕೈಗೆಟುಕುವಂತೆ ಕಟ್ಟಿಡಿ.